ಇಚ್ ಡಾಟ್ ಐಓ ರಿವ್ಯೂ: ಅಂಗಡಿ ಸೂಪರ್, ಆದ್ರೆ ಗಲ್ಲಾಪೆಟ್ಟಿಗೆ ಅವರದ್ದಲ್ಲ

ಇಂಡೀ ಗೇಮ್, ಅಂದ್ರೆ ದೊಡ್ಡ ಕಂಪನಿ ಇಲ್ದೇ ಒಬ್ಬಿಬ್ರು ಸೇರಿ ಮಾಡೋ ಗೇಮ್ ಆಡೋರಿಗೆ ಇಚ್ ಡಾಟ್ ಐಓ ಗೊತ್ತೇ ಇರುತ್ತೆ. ಗೊತ್ತಿಲ್ದೇ ಇರೋರಿಗೆ ಹೇಳ್ತೀನಿ, ಇದು ಗೇಮ್, ಕಾಮಿಕ್ಸು, ಪುಟ್ಟ ಪುಟ್ಟ ಪುಸ್ತಕ, ಗೇಮ್ ಮಾಡೋಕೆ ಬೇಕಾದ ಚಿತ್ರ-ಸೌಂಡು ಎಲ್ಲಾ ಮಾರೋ ಆನ್‌ಲೈನ್ ಅಂಗಡಿ, ಲೀಫ್ ಕೊರ್ಕೊರಾನ್ ಅನ್ನೋನು 2013ರಲ್ಲಿ ಶುರು ಮಾಡಿದ್ದು. ಸ್ಟೀಮ್ ಅನ್ನೋ ದೊಡ್ಡ ಗೇಮ್ ಅಂಗಡೀಲಿ ಒಂದು ಗೇಮ್ ಹಾಕಬೇಕಂದ್ರೆ ಮೊದಲು 100 ಡಾಲರ್ ಕಟ್ಟಬೇಕು, ಇಲ್ಲಿ ಒಂದು ಪೈಸೆ ಬೇಡ, ಕಾಲೇಜ್ ಹುಡುಗ್ರು ವೀಕೆಂಡಲ್ಲಿ ಮಾಡಿದ ಗೇಮಿಂದ ಹಿಡಿದು ಪ್ರಶಸ್ತಿ ಬಂದಿರೋ ಗೇಮ್‌ವರೆಗೂ ಒಂದೇ ಕಡೆ ಬಿದ್ದಿರುತ್ತೆ, ಹುಡುಕೋ ತಾಳ್ಮೆ ಇದ್ರೆ ಸಾಕು.

ಈ ಅಂಗಡಿಗೆ ಐದಕ್ಕೆ ಎಷ್ಟು ಸ್ಟಾರ್ ಕೊಡ್ಬೇಕು ಅನ್ನೋದು ನಂಗೆ ಸುಲಭವಾಗಿ ಗೊತ್ತಾಗ್ಲಿಲ್ಲ, ಯಾಕಂದ್ರೆ ಅಂಗಡಿಯೋನು ಒಳ್ಳೆಯವನು, ಸಾಮಾನು ಒಳ್ಳೇದು, ಆದ್ರೆ ಏನನ್ನ ಮಾರಬಹುದು ಏನನ್ನ ಮಾರಬಾರದು ಅಂತ ತೀರ್ಮಾನ ಮಾಡೋದು ಅವನಲ್ಲ. 2025ರ ಜುಲೈನಲ್ಲಿ ಇದು ಎಲ್ರಿಗೂ ಕಣ್ಣಿಗೆ ಕಟ್ಟೋ ಹಾಗೆ ಗೊತ್ತಾಯ್ತು. ಅದನ್ನ ಬಿಟ್ಟು ಈ ಅಂಗಡಿ ಬಗ್ಗೆ ರಿವ್ಯೂ ಬರೆಯೋದ್ರಲ್ಲಿ ಅರ್ಥ ಇಲ್ಲ.

ಮೊದಲು ಒಳ್ಳೇದು ಹೇಳಿಬಿಡ್ತೀನಿ. ಇಲ್ಲಿ ಮಾರೋನಿಗೆ ಒಂದು ಸ್ಲೈಡರ್ ಇದೆ, ನಿನ್ನ ದುಡಿಮೇಲಿ ಅಂಗಡಿಗೆ ಎಷ್ಟು ಪರ್ಸೆಂಟ್ ಕೊಡ್ತೀಯ ಅಂತ ಅವನೇ ಎಳೆದು ಇಟ್ಕೋಬಹುದು, ಡಿಫಾಲ್ಟಾಗಿ 10 ಇರುತ್ತೆ, ಸೊನ್ನೆಗೆ ಎಳೆದ್ರೂ ಯಾರೂ ಕೇಳಲ್ಲ. ಸ್ಟೀಮ್‌ನೋರು ಮಾಮೂಲಾಗಿ 30 ಪರ್ಸೆಂಟ್ ಇಟ್ಕೊಳೋದು ನೋಡಿದವರಿಗೆ ಇದು ನಂಬೋಕೇ ಆಗಲ್ಲ. ಕೊಳ್ಳೋರಿಗೂ ಹಂಗೇ, ಎಷ್ಟೋ ಗೇಮಿಗೆ ನಿಮ್ಮ ಇಷ್ಟದ ಬೆಲೆ ಕೊಡಿ ಅಂತ ಇರುತ್ತೆ, ಎರಡು ಡಾಲರ್ ಗೇಮಿಗೆ ಐದು ಕೊಡ್ಬಹುದು, ಸೊನ್ನೆ ಹಾಕಿ ಡೌನ್‌ಲೋಡೂ ಮಾಡ್ಕೋಬಹುದು. ಫೈಲಿಗೆ ಡಿಆರ್‌ಎಂ ಅನ್ನೋ ಕಾಪಿ ತಡೆಯೋ ಬೀಗ ಇಲ್ಲ, ಜಿಪ್ ಇಳಿಸಿ ಪೆನ್‌ಡ್ರೈವಲ್ಲಿ ಹಾಕಿಟ್ರೆ ನಿಮ್ಮದು. 2020ರ ಜೂನಲ್ಲಿ ಅಮೆರಿಕದಲ್ಲಿ ಜನಾಂಗೀಯ ನ್ಯಾಯಕ್ಕೆ ಅಂತ ಇವರು ಒಂದು ಬಂಡಲ್ ಮಾಡಿದ್ರು, ಕನಿಷ್ಠ 5 ಡಾಲರ್‌ಗೆ 1700ಕ್ಕೂ ಹೆಚ್ಚು ಐಟಮ್ಮು, ಒಟ್ಟು 80 ಲಕ್ಷ ಡಾಲರ್ ಮೇಲೆ ಸೇರ್ತು. ಪೂರ್ತಿ ದಾನಕ್ಕೆ ಹೋಯ್ತು. ಇಷ್ಟು ಚಿಕ್ಕ ಟೀಮು ಅಂಥ ಕೆಲಸ ಮಾಡಿದ್ದು ನೋಡಿ ಗೌರವ ಬಂದಿತ್ತು, ಈಗ್ಲೂ ಇದೆ.

ಇಂಡಿಯಾದಿಂದ ಕೊಳ್ಳೋದು ಸ್ವಲ್ಪ ತಲೆನೋವು. ಯುಪಿಐ ಇಲ್ಲ. ಕಾರ್ಡು ಇಲ್ಲಾ ಪೇಪ್ಯಾಲ್. ನಿಮ್ಮ ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಆನ್‌ಲೈನ್ ಟ್ರಾನ್ಸಾಕ್ಷನ್ ಆನ್ ಇದೆಯಾ ಅಂತ ಬ್ಯಾಂಕಿನ ಆ್ಯಪಲ್ಲಿ ಮೊದ್ಲು ನೋಡ್ಕೊಳ್ಳಿ, 2020ರಲ್ಲಿ ಆರ್‌ಬಿಐ ರೂಲ್ ಬಂದ ಮೇಲೆ ಹೊಸ ಕಾರ್ಡಲ್ಲಿ ಅದು ಆಫ್ ಆಗೇ ಬರುತ್ತೆ. ಫಾರೆಕ್ಸ್ ಮಾರ್ಕಪ್ ಅಂತ ಬ್ಯಾಂಕಿನೋರು ಹಿಡಿಯೋ ದುಡ್ಡು ಬೇರೆ, ಅದರ ಮೇಲೆ ಜಿಎಸ್‌ಟಿ ಬೇರೆ. ನಂಗೆ ಒಮ್ಮೆ ಮೂರು ಡಾಲರ್ ಕಾಮಿಕ್ಸಿಗೆ ಓಟಿಪಿ ಬಂತು, ಹಾಕ್ದೆ, ಆಮೇಲೆ ಡಿಕ್ಲೈನ್. ಬ್ಯಾಂಕಿಗೆ ಫೋನ್ ಮಾಡಿದ್ರೆ "ಮರ್ಚೆಂಟ್ ಕಡೆ ಪ್ರಾಬ್ಲಂ ಸರ್" ಅಂತಾರೆ, ಮರ್ಚೆಂಟನ್ನ ಕೇಳಿದ್ರೆ "ನಿಮ್ಮ ಬ್ಯಾಂಕನ್ನ ಕೇಳಿ". ಆ ಸಣ್ಣ ಕಿರಿಕಿರಿ ನೆನಪಿಟ್ಕೊಳ್ಳಿ, ಇದೇ ನಾಟಕ ದೊಡ್ಡ ಸ್ಕೇಲಲ್ಲಿ ಮುಂದೆ ಬರುತ್ತೆ.

ಈಗ ಅಸಲಿ ವಿಷ್ಯ. 2025ರ ಜುಲೈ 24ರ ಹೊತ್ತಿಗೆ ಇಚ್‌ನಲ್ಲಿ 18 ಪ್ಲಸ್ ಅಂತ ಗುರುತು ಹಾಕಿದ್ದ ಎಲ್ಲಾ ಪೇಜೂ ಸರ್ಚಿಂದ ಮಾಯ. ಹೆಚ್ಚಿನ ಪೇಜ್ ಡಿಲೀಟ್ ಆಗಿರ್ಲಿಲ್ಲ, ಲಿಂಕ್ ಇದ್ದೋರಿಗೆ ತೆರ್ಕೊಳ್ತಿತ್ತು, ಆದ್ರೆ ಹುಡುಕಿದ್ರೆ ಸಿಗ್ತಿರ್ಲಿಲ್ಲ, ಬ್ರೌಸ್ ಮಾಡಿದ್ರೆ ಕಾಣ್ತಿರ್ಲಿಲ್ಲ. ಸುಮಾರು 20 ಸಾವಿರ ಐಟಮ್ ಅಂತ ವರದಿ ಆಗಿತ್ತು. ಅದ್ರಲ್ಲಿ ಬರೀ ಪೋರ್ನ್ ಗೇಮ್ ಇದ್ದಿದ್ರೆ ಬಹುಶಃ ಇಷ್ಟು ಗಲಾಟೆ ಆಗ್ತಿರ್ಲಿಲ್ಲವೇನೋ, ಆದ್ರೆ ಪ್ರಾಮಾಣಿಕವಾಗಿ "ಇದು ದೊಡ್ಡವರಿಗೆ" ಅಂತ ಟಿಕ್ ಹಾಕಿದ ಕಾಮಿಕ್ಸು, ಕಾದಂಬರಿ, ಎಲ್‌ಜಿಬಿಟಿ ವಿಷಯದ ಝೀನ್‌ಗಳು (ಬರೆದೋರೇ ಸ್ವಂತವಾಗಿ ಹೊರತರೋ ಪುಟ್ಟ ಪತ್ರಿಕೆ) ಎಲ್ಲಾ ಒಟ್ಟಿಗೆ ಹೋದ್ವು. ಟಿಕ್ ಹಾಕದೇ ಕಳ್ಳಾಟ ಆಡಿದ್ದೋರು ಮಾತ್ರ ಆರಾಮಾಗಿ ಉಳ್ಕೊಂಡ್ರು ನೋಡಿ, ಎಂಥ ವಿಪರ್ಯಾಸ.

ಇದಕ್ಕೆ ಕಾರಣ ಅಂತ ಲೀಫ್ ಕೊಟ್ಟ ವಿವರಣೆ ಏನಂದ್ರೆ, ಆಸ್ಟ್ರೇಲಿಯಾದ ಕಲೆಕ್ಟಿವ್ ಶೌಟ್ ಅನ್ನೋ ಸಂಘಟನೆ ಪೇಮೆಂಟ್ ಕಂಪನಿಗಳಿಗೆ ದೂರು ಕೊಟ್ಟಿತ್ತು. ನೋ ಮರ್ಸಿ ಅನ್ನೋ ಗೇಮ್ ಅದಕ್ಕೆ ಮೂಲ, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡೋದೇ ಆಟ ಅನ್ನೋ ಥರದ್ದು, ಏಪ್ರಿಲ್‌ನಲ್ಲಿ ಗಲಾಟೆ ಎದ್ದು ಸ್ಟೀಮಿಂದ ಹೋಯ್ತು, ಇಚ್‌ನಲ್ಲೂ ಸ್ವಲ್ಪ ದಿನ ಇದ್ದು ಏಪ್ರಿಲ್‌ನಲ್ಲೇ ಬ್ಯಾನ್ ಆಗಿತ್ತು. ಗಮನಿಸಿ, ಆಗ್ಲೇ ಬ್ಯಾನ್ ಆಗಿತ್ತು. ಜುಲೈ 11ಕ್ಕೆ ಈ ಸಂಘಟನೆ ವೀಸಾ, ಮಾಸ್ಟರ್‌ಕಾರ್ಡ್, ಪೇಪ್ಯಾಲ್, ಡಿಸ್ಕವರ್, ಪೇಸೇಫ್, ಜಪಾನಿನ ಜೆಸಿಬಿ ಬಾಸ್‌ಗಳಿಗೆ ಬಹಿರಂಗ ಪತ್ರ ಬರೀತು, ಜೊತೆಗೆ ಬೆಂಬಲಿಗರಿಂದ ಸಾವಿರಕ್ಕೂ ಹೆಚ್ಚು ಈಮೇಲ್. ಜುಲೈ ಮಧ್ಯದಲ್ಲಿ ಸ್ಟೀಮ್ ನೂರಾರು ಗೇಮ್ ತೆಗೀತು, ಡೆವಲಪರ್‌ಗಳ ರೂಲ್ ಬುಕ್ಕಿಗೆ ಹೊಸ ಸಾಲು ಸೇರಿಸ್ತು, ಅದರ ಸಾರ ಇಷ್ಟೇ: ನಮ್ಮ ಪೇಮೆಂಟ್ ಪ್ರೊಸೆಸರ್‌ಗಳು (ಅಂಗಡಿ ಪರವಾಗಿ ಕಾರ್ಡ್ ದುಡ್ಡು ತಗೊಳೋ ಕಂಪನಿಗಳು), ಕಾರ್ಡ್ ನೆಟ್‌ವರ್ಕ್‌ಗಳು, ಬ್ಯಾಂಕುಗಳ ರೂಲಿಗೆ ಅಡ್ಡ ಬರಬಹುದಾದ್ದನ್ನ ಹಾಕಬೇಡಿ. ಆ ರೂಲು ಏನು ಅಂತ ಎಲ್ಲೂ ಬರ್ದಿಲ್ಲ. ಕೆಲವೇ ದಿನದಲ್ಲಿ ಇಚ್ ಸರದಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಇಲ್ಲಿ ಎತ್ತು ಆಗ್ಲೇ ಕೊಟ್ಟಿಗೆ ಬಿಟ್ಟು ಮೂರು ತಿಂಗಳಾಗಿತ್ತು.

ಒಂದು ಮಾತು ಸ್ಪಷ್ಟ ಮಾಡ್ಬಿಡ್ತೀನಿ, ಇಲ್ದಿದ್ರೆ ಕಾಮೆಂಟಲ್ಲಿ ಬಂದು ನಿಂಗೆ ಅಂಥ ಗೇಮೇ ಬೇಕಾ ಅಂತ ಕೇಳ್ತೀರ. ಬೇಡ. ನೋ ಮರ್ಸಿ ಥರದ್ದು ಅಂಗಡಿ ತೆಗೆದು ಹಾಕಿದ್ರೆ ನಂಗೆ ಖುಷಿನೇ, ಅಂಗಡಿಯೋನು ತನ್ನ ಅಂಗಡೀಲಿ ಏನಿಡಬೇಕು ಅಂತ ನಿರ್ಧಾರ ಮಾಡೋದು ಅವನ ಹಕ್ಕು, ಅವನು ತಪ್ಪು ಮಾಡಿದ್ರೆ ನಾವು ಅವನನ್ನ ಬೈಬಹುದು, ಬೇರೆ ಅಂಗಡಿಗೆ ಹೋಗ್ಬಹುದು. ಕಾನೂನು ತಪ್ಪು ಅಂದ್ರೆ ಕೋರ್ಟಿದೆ. ಇಲ್ಲಿ ಆಗಿದ್ದು ಅದೆರಡೂ ಅಲ್ಲ. ಬೆಸ್ಕಾಂನೋರು ಪುಸ್ತಕದಂಗಡಿಗೆ ಬಂದು, ಆ ಶೆಲ್ಫಲ್ಲಿರೋ ಪುಸ್ತಕ ತೆಗೆದ್ರೆ ಮಾತ್ರ ಕರೆಂಟ್ ಕೊಡ್ತೀವಿ ಅಂದ ಹಾಗೆ, ಅದೂ ಯಾವ ಪುಸ್ತಕ ಅಂತ ಹೇಳ್ದೇ.

ಯಾರು ಬೇಡ ಅಂದಿದ್ದು ಅಂತ ಹುಡುಕೋಕೆ ಹೋದ್ರೆ ಇನ್ನೂ ಮಜಾ. ನೀವು ಕಾರ್ಡ್ ನಂಬರ್ ಹಾಕಿ ಪೇ ಅಂತ ಒತ್ತಿದಾಗ ಅಂಗಡಿ ಅದನ್ನ ಸ್ಟ್ರೈಪ್ ಥರದ ಪ್ರೊಸೆಸರ್‌ಗೆ ಕೊಡುತ್ತೆ, ಪ್ರೊಸೆಸರ್ ಹಿಂದೆ ಅಂಗಡಿ ಪರವಾಗಿ ದುಡ್ಡು ತಗೊಳೋ ಒಂದು ಬ್ಯಾಂಕ್ ಇರುತ್ತೆ, ಆ ಬ್ಯಾಂಕು ವೀಸಾ ಇಲ್ಲಾ ಮಾಸ್ಟರ್‌ಕಾರ್ಡ್ ನೆಟ್‌ವರ್ಕಿಗೆ ಕಳಿಸುತ್ತೆ, ಅಲ್ಲಿಂದ ನಿಮ್ಮ ಬ್ಯಾಂಕಿಗೆ. ಈ ಸರಪಳೀಲಿ ಯಾರೋ ಒಬ್ಬರು ಮುಖ ಸಿಂಡರಿಸಿದ್ರೂ ಸಾಕು, ವ್ಯಾಪಾರ ಬಂದ್.

ಆಗಸ್ಟ್ 1ಕ್ಕೆ ಮಾಸ್ಟರ್‌ಕಾರ್ಡ್ ಹೇಳಿಕೆ ಕೊಡ್ತು: ನಾವು ಯಾವ ಗೇಮನ್ನೂ ಪರಿಶೀಲನೆ ಮಾಡಿಲ್ಲ, ಯಾವ ಗೇಮ್ ಸೈಟಿಗೂ ನಿರ್ಬಂಧ ಹಾಕಿ ಅಂತ ಹೇಳಿಲ್ಲ, ಕಾನೂನುಬದ್ಧವಾದ ಎಲ್ಲಾ ಖರೀದಿಗೂ ನಮ್ಮ ನೆಟ್‌ವರ್ಕ್ ಇದೆ. ಕೇಳೋಕೆ ಎಷ್ಟು ಚೆಂದ. ಇದಕ್ಕೆ ಸ್ಟೀಮಿನ ಯಜಮಾನ ವಾಲ್ವ್ ಕೊಟ್ಟ ಉತ್ತರ ಏನು ಗೊತ್ತಾ, ಹೌದು, ಮಾಸ್ಟರ್‌ಕಾರ್ಡ್ ನಮ್ಮ ಜೊತೆ ನೇರವಾಗಿ ಮಾತಾಡಿಲ್ಲ, ನಾವೇ ಕೇಳ್ಕೊಂಡ್ರೂ ಮಾತಾಡ್ಲಿಲ್ಲ, ಅವರು ಪ್ರೊಸೆಸರ್ ಮತ್ತೆ ಬ್ಯಾಂಕುಗಳ ಹತ್ರ ಮಾತಾಡಿದ್ರು, ಆ ಪ್ರೊಸೆಸರ್‌ಗಳು ನಮ್ಮ ಹತ್ರ ಬಂದು ಮಾಸ್ಟರ್‌ಕಾರ್ಡಿನ 5.12.7 ನಂಬರಿನ ರೂಲ್ ತೋರಿಸಿ ನಮ್ಮ ಪಾಲಿಸಿ ಒಪ್ಪಲಿಲ್ಲ ಅಂತ. ಆ ರೂಲ್ ಓದಿ ನೋಡಿ ಒಮ್ಮೆ. ಕಾನೂನುಬಾಹಿರ ಆಗಿರೋದು ಮಾತ್ರ ಅಲ್ಲ, ಕಂಪನಿಯ ಹೆಸರಿಗೆ ಮಸಿ ಬಳಿಯಬಹುದು ಅಂತ ಕಂಪನಿಗೇ ಅನ್ನಿಸಿದ್ದನ್ನೂ ಮಾರೋ ಹಾಗಿಲ್ಲ, ಅಸಹ್ಯವಾಗಿದ್ದು ಗಂಭೀರ ಕಲಾಮೌಲ್ಯ ಇಲ್ಲದ ಚಿತ್ರಗಳೂ ಅದರೊಳಗೇ ಬರುತ್ತೆ. ಅಂದ್ರೆ ಕಲಾಮೌಲ್ಯ ತೂಗೋ ಕೆಲಸ ಈಗ ರಿಸ್ಕ್ ಡಿಪಾರ್ಟ್‌ಮೆಂಟಿನ ಯಾರೋ ಒಬ್ಬ ಮಹಾನುಭಾವನ ಟೇಬಲ್ ಮೇಲೆ. ಅವನಿಗೆ ಡೌಟ್ ಬಂದ್ರೆ ಬೇಡ ಅನ್ನೋದೇ ಸೇಫು. ಬೇಕು ಅಂದ್ರೆ ಅವನಿಗೇನೂ ಲಾಭ ಇಲ್ವಲ್ಲ.

ಸ್ಟ್ರೈಪ್ ಕಥೆ ಇನ್ನೊಂದು. ಇಚ್‌ಗೆ ಅವರು ಹೇಳಿದ್ದು, ನಮ್ಮ ಬ್ಯಾಂಕಿಂಗ್ ಪಾರ್ಟ್‌ನರ್‌ಗಳ ನಿರ್ಬಂಧ ಇದೆ, ಹಾಗಾಗಿ ಲೈಂಗಿಕವಾಗಿ ಬಿಚ್ಚುಬಿಚ್ಚಾದ ಕಂಟೆಂಟ್ ಸಪೋರ್ಟ್ ಮಾಡೋಕೆ ಆಗಲ್ಲ. ಕಾರ್ಡ್ ನೆಟ್‌ವರ್ಕ್ ಆಗಲ್ಲ ಅಂತಿಲ್ಲ, ಪ್ರೊಸೆಸರ್ ಬ್ಯಾಂಕನ್ನ ತೋರಿಸುತ್ತೆ, ಬ್ಯಾಂಕು ನೆಟ್‌ವರ್ಕಿನ ರೂಲ್ ಬುಕ್ ತೋರಿಸುತ್ತೆ. ನನ್ನ ಮೂರು ಡಾಲರ್ ಕಾಮಿಕ್ಸ್ ಥರಾನೇ ಸುತ್ತೋದು. ಯಾರೂ ನಿಷೇಧ ಮಾಡಿಲ್ಲ, ಆದ್ರೂ ನಿಷೇಧ ಆಗಿದೆ.

ಇದು ಹೊಸದೇನಲ್ಲ. 2010ರಲ್ಲಿ ಸರ್ಕಾರಗಳ ಗುಟ್ಟಿನ ದಾಖಲೆ ಹೊರಗೆ ಹಾಕೋ ವಿಕಿಲೀಕ್ಸಿಗೆ ದೇಣಿಗೆ ಹೋಗೋ ದಾರಿ ಮುಚ್ಚಿದ್ದು ಇದೇ ವೀಸಾ, ಮಾಸ್ಟರ್‌ಕಾರ್ಡ್, ಪೇಪ್ಯಾಲ್. 2021ರ ಆಗಸ್ಟಲ್ಲಿ, ಚಂದಾ ಕಟ್ಟಿದೋರಿಗೆ ಹೆಚ್ಚಾಗಿ ಅಡಲ್ಟ್ ಫೋಟೋ-ವಿಡಿಯೋ ತೋರಿಸೋ ಓನ್ಲಿಫ್ಯಾನ್ಸ್ ಸೈಟು "ಅಕ್ಟೋಬರಿಂದ ಅಶ್ಲೀಲ ಕಂಟೆಂಟ್ ಬಂದ್" ಅಂತ ಘೋಷಣೆ ಮಾಡಿ, ಆರೇ ದಿನಕ್ಕೆ ಮಾತು ವಾಪಸ್ ತಗೊಂಡ್ರು, ಬ್ಯಾಂಕುಗಳೇ ಕಾರಣ ಅಂತ ಅದರ ಸ್ಥಾಪಕ ಟಿಮ್ ಸ್ಟೋಕ್ಲಿ ಹೆಸರು ಹಿಡಿದು ಹೇಳಿದ. ಜಪಾನಲ್ಲಿ 2024ರಲ್ಲಿ ಡಿಎಲ್‌ಸೈಟ್ ಅನ್ನೋ, ಅಡಲ್ಟ್ ಕಾಮಿಕ್ಸು, ಗೇಮು ಮಾರೋ ಅಂಗಡಿ ಕಾರ್ಡ್ ಕಂಪನಿಗಳನ್ನ ಸಮಾಧಾನ ಮಾಡೋಕೆ ಯಾವುದ್ರಲ್ಲಿ ಏನಿದೆ ಅಂತ ಗುರುತಿಸೋ ಕೆಲವು ಟ್ಯಾಗ್‌ಗಳ ಹೆಸರು ಬದಲಾಯಿಸ್ತು, ಆದ್ರೂ ಮುಂದಿನ ತಿಂಗಳೇ ಅಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ನಿಂತೋಯ್ತು. ಅಲ್ಲಿನ ಕಾನೂನು ಪ್ರಕಾರ ಅದೆಲ್ಲಾ ಮಾರೋಕೆ ಅಡ್ಡಿ ಇರ್ಲಿಲ್ಲ ಅನ್ನೋದು ಬೇರೆ ಮಾತು.

ಆದ್ರೆ ಇನ್ನೊಂದು ಕೇಸನ್ನ ಮರೆತು ಮಾತಾಡಿದ್ರೆ ಅನ್ಯಾಯ ಆಗುತ್ತೆ. 2020ರ ಡಿಸೆಂಬರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ನಿಕೊಲಸ್ ಕ್ರಿಸ್ಟಾಫ್ ಪೋರ್ನ್‌ಹಬ್ ಅನ್ನೋ ವಿಡಿಯೋ ಸೈಟ್ ಬಗ್ಗೆ ಬರೆದ್ರು, ಅಪ್ರಾಪ್ತ ಹುಡುಗಿಯರ ವಿಡಿಯೋ, ಒಪ್ಪಿಗೆ ಇಲ್ದೇ ಹಾಕಿದ ವಿಡಿಯೋ, ತೆಗೀರಿ ಅಂತ ಅತ್ತು ಗೋಗರೆದ್ರೂ ಮತ್ತೆ ಮತ್ತೆ ಅಪ್‌ಲೋಡ್. ಒಂದೇ ವಾರದೊಳಗೆ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಕೈ ಎತ್ತಿದ್ವು, ಪೋರ್ನ್‌ಹಬ್ ಅಪ್‌ಲೋಡ್ ಮಾಡಿದೋರ ಗುರುತು ಖಚಿತ ಆಗದ ಲಕ್ಷಗಟ್ಟಲೆ ವಿಡಿಯೋ ಒಂದೇ ಏಟಿಗೆ ಅಳಿಸಿಹಾಕ್ತು. ವರ್ಷಗಟ್ಟಲೆ ಆಗದ್ದು ಕಾರ್ಡ್ ನಿಂತ ತಕ್ಷಣ ಆಯ್ತು. ಮುಂದಿನ ವರ್ಷ ಮಾಸ್ಟರ್‌ಕಾರ್ಡ್ ತಂದ ನಿಯಮಗಳು, ಅಂದ್ರೆ ವಿಡಿಯೋದಲ್ಲಿರೋರ ವಯಸ್ಸು, ಒಪ್ಪಿಗೆಗೆ ದಾಖಲೆ ಇರಬೇಕು, ದೂರು ಬಂದ್ರೆ ಏಳು ಕೆಲಸದ ದಿನದಲ್ಲಿ ಬಗೆಹರಿಸಬೇಕು ಅನ್ನೋದು, ಇವೆಲ್ಲಾ ಬರೆದಿಟ್ಟ ರೂಲು, ಓದಿ ಪಾಲಿಸಬಹುದು. ಇದನ್ನ ನಾನು ತಪ್ಪು ಅನ್ನಲ್ಲ, ಅಲ್ಲಿ ನಿಜವಾದ ಮನುಷ್ಯರಿದ್ರು, ನಿಜವಾದ ನೋವಿತ್ತು. ಗೇಮಲ್ಲಿರೋದು ಯಾರೋ ಕೂತು ಬಿಡಿಸಿದ ಚಿತ್ರ. ಎರಡಕ್ಕೂ ಒಂದೇ ಕೋಲು ಹಿಡಿದ್ರೆ ಹೆಂಗೆ? ಕಲೆಕ್ಟಿವ್ ಶೌಟ್‌ನೋರು ಚಿತ್ರದ ಹಿಂಸೆನೂ ಹೆಣ್ಣುಮಕ್ಕಳ ಮೇಲಿನ ನಿಜವಾದ ಹಿಂಸೆಗೆ ಗೊಬ್ಬರ ಹಾಕುತ್ತೆ ಅಂತಾರೆ, ಅದು ವಾದ ಮಾಡಬೇಕಾದ ವಿಷ್ಯನೇ, ಆದ್ರೆ ವಾದ ಎಲ್ಲಿ ಆಯ್ತು? ಪಾರ್ಲಿಮೆಂಟಲ್ಲಾ, ಕೋರ್ಟಲ್ಲಾ? ಎಲ್ಲೂ ಇಲ್ಲ, ಈಮೇಲಲ್ಲಿ.

ನಮ್ಮೂರ ವಿಷ್ಯಕ್ಕೆ ಬಂದ್ರೆ, ಕಾಕತಾಳೀಯವಾಗಿ ಅದೇ ಜುಲೈ ಕೊನೇಲಿ ನಮ್ಮ ಕೇಂದ್ರ ಸರ್ಕಾರ ಉಲ್ಲು, ಆಲ್ಟ್ ಸೇರಿದಂತೆ 25 ಓಟಿಟಿಗಳನ್ನ ಬ್ಲಾಕ್ ಮಾಡ್ತು. ಆ ನಿರ್ಧಾರ ಸರಿಯೋ ತಪ್ಪೋ ಅದು ಬೇರೆ ಚರ್ಚೆ, ಆದ್ರೆ ಅಲ್ಲಿ ಆದೇಶ ಮಾಡಿದ್ದು ಯಾವ ಇಲಾಖೆ, ಯಾವ ಕಾಯ್ದೆ ಕೆಳಗೆ ಅಂತ ಗೊತ್ತು, ಬೇಕಾದ್ರೆ ಹೈಕೋರ್ಟಿಗೆ ಹೋಗಬಹುದು. ನಮ್ಮಲ್ಲಿ ಐಟಿ ಕಾಯ್ದೆ 67ಎ ಪ್ರಕಾರ ಇಂಥದ್ದನ್ನ ಆನ್‌ಲೈನಲ್ಲಿ ಪ್ರಕಟ ಮಾಡಿದ್ರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಇದೆ, ಹಾಗಾಗಿ ಬೆಂಗಳೂರಲ್ಲಿ ಕೂತು ಅಡಲ್ಟ್ ಗೇಮ್ ಮಾರ್ತೀನಿ ಅನ್ನೋರಿಗೆ ಕಾರ್ಡ್ ಕಂಪನಿ ತನಕ ಹೋಗೋದೇ ಬೇಡ, ಅದಕ್ಕೂ ಮುಂಚೆನೇ ಸ್ಟೇಷನ್ ಬರುತ್ತೆ. ಕಾನೂನು ಕಠಿಣ ಇರಬಹುದು, ಆದ್ರೆ ಬರಹದಲ್ಲಿ ಇದೆ.

ಇಚ್ ಈ ಗಲಾಟೆಯಲ್ಲಿ ಹೆಂಗೆ ನಡ್ಕೊಳ್ತು ಅನ್ನೋದು ರಿವ್ಯೂನ ಮುಖ್ಯ ಭಾಗ, ಇಲ್ಲಿ ನಾನು ಮಾರ್ಕ್ಸ್ ಕಡಿಮೆ ಮಾಡ್ತೀನಿ. ಮುಂಚೆ ಒಂದು ಮಾತು ಹೇಳ್ದೇ ಪೇಜ್ ಮರೆ ಮಾಡಿದ್ರು, ಮಾರೋರು ತಮ್ಮ ಗೇಮ್ ಸರ್ಚಲ್ಲಿ ಕಾಣ್ತಿಲ್ಲ ಅಂತ ಗೊತ್ತಾಗಿ ಕಾರಣ ಹುಡುಕ್ತಾ ಬಂದ್ರು. ಪರಿಸ್ಥಿತಿ ಇದ್ದಕ್ಕಿದ್ದಂಗೆ ಕೈಮೀರಿ ಬಂತು, ಇಡೀ ಅಂಗಡಿಯ ಪೇಮೆಂಟೇ ನಿಂತೋಗ್ತಿತ್ತು ಅಂತ ಲೀಫ್ ಹೇಳ್ಕೊಂಡ, ಅದು ಸುಳ್ಳು ಅಂತ ನಂಗನ್ಸಲ್ಲ. ಪೇಮೆಂಟ್ ನಿಂತ್ರೆ ಅಡಲ್ಟ್ ಏನು, ಮಕ್ಕಳ ಪಜಲ್ ಗೇಮ್ ಮಾರೋನೂ ಬೀದಿಗೆ ಬರ್ತಾನೆ. ಆದ್ರೂ ಒಂದು ದಿನ ಮುಂಚೆ ಒಂದು ಈಮೇಲ್ ಕಳಿಸೋಕೆ ಏನಾಗಿತ್ತು? ಈ ದುಡ್ಡನ್ನೇ ನಂಬ್ಕೊಂಡು ಬಾಡಿಗೆ ಕಟ್ಟೋರು ಇದಾರೆ ಅಲ್ಲಿ.

ಆಮೇಲೆ ಅವರು ಹಾಕಿದ ನಿಷೇಧಿತ ವಿಷಯಗಳ ಪಟ್ಟಿ ಮಾತ್ರ ಮೆಚ್ಚಬೇಕಾದ್ದು, ಯಾಕಂದ್ರೆ ಕೊನೆಗೂ ಏನೋ ಒಂದು ಬರಹದಲ್ಲಿ ಬಂತು: ಒಪ್ಪಿಗೆ ಇಲ್ಲದ ಸೆಕ್ಸು, ಅಪ್ರಾಪ್ತರು, ಕುಟುಂಬದೊಳಗಿನ ಸಂಬಂಧ, ಪ್ರಾಣಿಗಳು, ಮಾನವ ಕಳ್ಳಸಾಗಣೆ, ಹೀಗೆ. ಮೇಲ್ನೋಟಕ್ಕೆ ಯಾರೂ ತಕರಾರು ಮಾಡಲ್ಲ. ಆದ್ರೆ ಒಪ್ಪಿಗೆ ಇಲ್ಲದ್ದು ಅಂದ್ರೆ, ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳೇ ತನ್ನ ಅನುಭವ ಬರೆದ್ರೆ ಅದೂ ಅದರೊಳಗೆ ಬರುತ್ತಾ? ಪಟ್ಟಿ ಓದಿದ್ರೆ ಬರಲ್ಲ ಅಂತ ಧೈರ್ಯವಾಗಿ ಹೇಳೋಕೆ ಆಗಲ್ಲ. ಆ ಡೌಟಿಗೇ ಎಷ್ಟೋ ಜನ ತಾವೇ ತಮ್ಮ ಪೇಜ್ ತೆಗೀತಾರೆ.

ಜುಲೈ 31ಕ್ಕೆ ಉಚಿತವಾಗಿ ಕೊಡೋ ಅಡಲ್ಟ್ ಐಟಮ್‌ಗಳನ್ನ ಸರ್ಚಿಗೆ ವಾಪಸ್ ತಂದ್ರು. ದುಡ್ಡಿಗೆ ಮಾರೋವು ಕಾಯಬೇಕು, ಬೇರೆ ಪ್ರೊಸೆಸರ್ ಹುಡುಕ್ತಿದೀವಿ ಅಂದ್ರು. ನೋಡಿ ಎಂಥ ತಮಾಷೆ, ಅದೇ ಗೇಮು ಫ್ರೀ ಆದ್ರೆ ಯಾರ ಮಾನಾನೂ ಹೋಗಲ್ಲ, ಎರಡು ಡಾಲರ್ ಇಟ್ರೆ ಹೋಗುತ್ತೆ. ಮಕ್ಕಳ ರಕ್ಷಣೆ, ಹೆಣ್ಣುಮಕ್ಕಳ ರಕ್ಷಣೆ ಅಂತ ಶುರುವಾಗಿದ್ದು ಕೊನೆಗೆ ಮಾಡಿದ್ದು ಇಷ್ಟೇ, ಬರೆದೋನಿಗೆ ದುಡ್ಡು ಸಿಗದ ಹಾಗೆ. ಅಡಲ್ಟ್ ಕಂಟೆಂಟಿಗೇ ಅಂತ ಸಿಸಿಬಿಲ್ ಥರದ ಪ್ರೊಸೆಸರ್‌ಗಳು ಇದಾವೆ, ಆದ್ರೆ ಅವು ಹೈ ರಿಸ್ಕ್ ಅಂತ ಹಿಡಿಯೋ ಕಮಿಷನ್ ಸ್ಟ್ರೈಪ್‌ನ 2.9 ಪರ್ಸೆಂಟ್ ಪಕ್ಕ ಇಟ್ಟು ನೋಡಿದ್ರೆ ಕಣ್ಣು ಕತ್ತಲೆ ಬರುತ್ತೆ, ಎರಡು ಡಾಲರ್ ಗೇಮಲ್ಲಿ ಏನು ಉಳಿಯುತ್ತೆ.

ಜನ ಸುಮ್ನೆ ಕೂರ್ಲಿಲ್ಲ ಅನ್ನೋದು ಸಮಾಧಾನ. ವೀಸಾ, ಮಾಸ್ಟರ್‌ಕಾರ್ಡ್ ಕಸ್ಟಮರ್ ಕೇರಿಗೆ ಫೋನ್ ಮಾಡಿ ಮಾಡಿ ಲೈನ್ ಬಿಜಿ ಮಾಡಿದ್ರು, ಗಾಗ್ ಅನ್ನೋ ಇನ್ನೊಂದು ಅಂಗಡಿ 13 ಗೇಮ್‌ಗಳನ್ನ ಪ್ರತಿಭಟನೆ ಅಂತ ಫ್ರೀ ಕೊಟ್ಟು ಲಕ್ಷಾಂತರ ಜನ ತಗೊಂಡ್ರು. ಕಾಲ್ ಸೆಂಟರಲ್ಲಿ ಫೋನ್ ಎತ್ತಿದ ಆ ಪಾಪದವರಿಗೆ ಇದ್ಯಾವುದೂ ಗೊತ್ತಿರಲ್ಲ ಬಿಡಿ, ಅವರ ಮೇಲೆ ರೇಗಾಡಿದೋರನ್ನ ನಾನು ಮೆಚ್ಚಲ್ಲ.

ಇಚ್ ಇಂಥ ಹೊಡೆತ ತಿಂದಿದ್ದು ಇದೇ ಮೊದಲಲ್ಲ ಅನ್ನೋದನ್ನೂ ಸೇರಿಸ್ತೀನಿ. 2024ರ ಡಿಸೆಂಬರಲ್ಲಿ ಫಂಕೋ ಅನ್ನೋ ಗೊಂಬೆ ಕಂಪನಿಗೆ ಕೆಲಸ ಮಾಡೋ ಬ್ರ್ಯಾಂಡ್‌ಶೀಲ್ಡ್ ಸಾಫ್ಟ್‌ವೇರ್ ಒಂದು ಯೂಸರ್ ಪೇಜ್ ಬಗ್ಗೆ ದೂರು ಕಳಿಸ್ತು, ಸೈಟಿನ ವಿಳಾಸ ನೋಂದಾಯಿಸೋ ಕಂಪನಿ, ಅಂದ್ರೆ ಡೊಮೈನ್ ರಿಜಿಸ್ಟ್ರಾರ್, ಇಡೀ ಸೈಟನ್ನೇ ಕೆಲವು ಗಂಟೆ ಬಂದ್ ಮಾಡಿತ್ತು. ಒಂದು ಪೇಜಿಗೆ ಇಡೀ ಅಂಗಡಿ! ಅಲ್ಲೂ ಅಷ್ಟೇ, ತೀರ್ಮಾನ ಮಾಡಿದ್ದು ಹಿಂದೆ ಎಲ್ಲೋ ಕೂತಿರೋ ಸಪ್ಲೈಯರ್.

ಈಗ ಮಾರ್ಕ್ಸ್. ಸಾಮಾನಿಗೆ ಐದಕ್ಕೆ ಐದು, ಡೆವಲಪರ್‌ಗೆ ಕೊಡೋ ಪಾಲಿಗೆ ಐದಕ್ಕೆ ಐದು, ಇಂಡಿಯಾ ಪೇಮೆಂಟಿಗೆ ಎರಡು, ಕಷ್ಟದ ಹೊತ್ತಲ್ಲಿ ಮಾತಾಡಿದ್ದಕ್ಕೆ ಎರಡು, ಒಟ್ಟು ಮೂರೂವರೆ ಅಂತ ಇಟ್ಕೊಳ್ಳಿ. ಆ ಪೇಮೆಂಟ್ ಸರಪಳಿಗೆ ಸ್ಟಾರ್ ಕೊಡೋ ಬಟನ್ ಎಲ್ಲಾದ್ರೂ ಇದ್ರೆ ಹೇಳಿ, ಹುಡುಕಿದ್ರೂ ಸಿಗ್ಲಿಲ್ಲ.

ಕೊಳ್ಳೋರಿಗೆ ನನ್ನ ಸಲಹೆ: ಕೊಂಡ ದಿನವೇ ಫೈಲ್ ಡೌನ್‌ಲೋಡ್ ಮಾಡಿ ಹಾರ್ಡ್‌ಡಿಸ್ಕಿಗೆ ಹಾಕ್ಕೊಳ್ಳಿ, ಇಚ್ ಅಕೌಂಟಿನ ಲೈಬ್ರರೀಲಿ ಇದೆಯಲ್ಲ ಅಂತ ಬಿಡಬೇಡಿ. ಇಷ್ಟ ಆದ ಡೆವಲಪರ್ ಇದ್ರೆ ಅವರ ಸ್ವಂತ ವೆಬ್‌ಸೈಟಿನ ಲಿಂಕ್ ಬುಕ್‌ಮಾರ್ಕ್ ಮಾಡಿಡಿ. ಮಾರೋರು ಒಂದೇ ಪ್ರೊಸೆಸರ್ ನೆಚ್ಕೋಬೇಡಿ, ದುಡ್ಡು ತಿಂಗಳುಗಟ್ಟಲೆ ಅಕೌಂಟಲ್ಲೇ ಗುಡ್ಡೆ ಹಾಕದೇ ಆಗಾಗ ಪೇಔಟ್ ತಗೊಳ್ತಾ ಇರಿ.